ಟೆಲಿಫೋನ್ ವೈರಿನ ಮೇಲಿನ ಮಡಿ ಸೀರೆ

ನಾನು ಓದಿದ್ದು ನಾಲ್ಕನೇ ಇಯತ್ತೆ. ಕಂಪ್ಯೂಟರಿನ ವಿಷಯ ಬರೆಯಲು ನನಗೇನು ಅಧಿಕಾರ ಎಂದು ಕೇಳಿದರೆ, ಅದನ್ನು ಕೆಡಿಸಿದವಳು ನಾನೇ. ಅಷ್ಟು ಸಾಕು.

ಎರಡು ಸಾವಿರದ ಇಸವಿಯ ಆಚೀಚೆ. ಊರನ್ನು ಆಗ ಇನ್ನೂ ಗುಲಬರ್ಗಾ ಎನ್ನುತ್ತಿದ್ದೆವು. ಕಾಲೇಜಿನಲ್ಲಿ ಕಲಿಸುವ ನನ್ನ ಮಗ ಬ್ರಹ್ಮಪುರದ ಮನೆಗೆ ಕಂಪ್ಯೂಟರ್ ತಂದ. ಅದನ್ನು ಜೋಡಿಸಲು ಕಮಲಾಪುರದಿಂದ ಒಬ್ಬ ಮುಸಲ್ಮಾನ ಮೆಕ್ಯಾನಿಕ್ ಬಸ್ಸಿನಲ್ಲಿ ಬರುತ್ತಿದ್ದ. ಕಂಪ್ಯೂಟರ್ ನಡೆಸಲು ಎಲ್ಲರೂ ಹಾಕಿಸುವ ಸಾಫ್ಟ್‌ವೇರ್ ಬಿಟ್ಟು ಲಿನಕ್ಸ್ ಎಂಬುದನ್ನು ಹಾಕಿದ. ಅದರ ಗುರುತು ಪೆಂಗ್ವಿನ್ ಹಕ್ಕಿ. ಇದು ಸರಿಯಾಗಿ ನಡೆದರೆ ಕಾಲೇಜಿನ ಕಂಪ್ಯೂಟರುಗಳ ಕೆಲಸವೂ ನಿನಗೇ ಎಂದು ಮಗ ಅವನಿಗೆ ಮಾತು ಕೊಟ್ಟಿದ್ದ.

ಇಂಟರ್ನೆಟ್ಟು ಫೋನಿನ ವೈರಿನಿಂದಲೇ ಬರಬೇಕು. ಮೋಡೆಮ್ ಡಬ್ಬಿ ಕುಂಯ್ ಎಂದು ಅರಚಿ ಜೋಡಿಸಿಕೊಳ್ಳುತ್ತಿತ್ತು, ಎರಡು ನಿಮಿಷಕ್ಕೆ ಕಡಿದುಹೋಗುತ್ತಿತ್ತು. ಅವನು ಮೂರು ದಿನ ಬೆಳಿಗ್ಗೆಯೇ ಬಂದು ಪಡಸಾಲೆಯಲ್ಲಿ ಕೂತ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಓಡುತ್ತಿದ್ದವು. ಒಂದೊಂದೇ ಸಾಲು ಓದಿ ಏನೇನೋ ತಿದ್ದುತ್ತಿದ್ದ. ನಾನು ಒಂದು ಲೋಟ ನೀರೂ ಕೊಡಲಿಲ್ಲ.

ಎರಡನೇ ದಿನ ಫೋನು ಕಿವಿಗಿಟ್ಟು ಕೇಳಿ, "ಅಮ್ಮಾರ, ಕರಕರ ಅಂತದ್ರೀ. ಪೆಂಗ್ವಿನ್ ತಪ್ಪಲ್ಲ, ವೈರ್ ಎಲ್ಲ್ಯೋ ಲೂಜ್ ಆಗ್ಯಾದ. ಒಳಗ ಬಂದು ನೋಡ್ಲೇನ್ರೀ?" ಎಂದ.

"ಒಳಗ ಮಡಿ ಅದ. ಏನ್ ಮಾಡೋದದ ಅಲ್ಲೇ ಕೂತು ಮಾಡು."

ವೈರು ದೇವರ ಮನೆಯ ಮುಂದಿನ ಖೋಲಿಯಿಂದ ಹಾದು ಬರುತ್ತಿತ್ತು. ಅದನ್ನು ಎಳೆದ ಫೋನಿನವನನ್ನು ನಮ್ಮ ಪೈಕಿಯವನೆಂದು ಒಳಗೆ ಬಿಟ್ಟಿದ್ದೆ. ಇವನನ್ನು ಬಿಡಲಿಲ್ಲ. ಅಷ್ಟಕ್ಕೆ ಸುಮ್ಮನಾಗಲೂ ಇಲ್ಲ. "ಹಾರಲಾರದ ಹಕ್ಕಿ ತಂದು ಕೂಡಿಸಿದಿ, ಅದೆಲ್ಲಿಗಿ ಹೋಗ್ತದಪ್ಪ?" ಎಂದೆ. ಸೊಸೆ ನಕ್ಕಳು, ಮಗನೂ ನಕ್ಕ.

"ಹಾರಂಗಿಲ್ರೀ ಅಮ್ಮಾರ, ಆದ್ರ ನೀರು ಸಿಕ್ರ ಈಸ್ತದ," ಎಂದು ಅವನೂ ನಕ್ಕ.

ಮೂರನೇ ದಿನ ಮಧ್ಯಾಹ್ನ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಲು ಹೋದೆ. ಸೀರೆ ಒಣಹಾಕುವ ಬಿದಿರನ್ನು ತೂಗುಹಾಕಿದ್ದ ಹಗ್ಗ ಹರಿದು ವಾರವಾಗಿತ್ತು. ಯಾರ ಕೈಗೂ ಎಟುಕದ ಎತ್ತರ ಎಂದು ಆ ಟೆಲಿಫೋನ್ ವೈರಿನ ಮೇಲೇ ಹಾಕುತ್ತಿದ್ದೆ. ದಿನಾ ಒಂಬತ್ತು ಗಜದ ಹಸಿ ಸೀರೆಯ ಭಾರ. ಮೇಲೆ ನೋಡಿದರೆ ವೈರು ಜೋತುಬಿದ್ದು, ಜೋಡಿಸಿದ ಕಡೆ ಪಟ್ಟಿ ಬಿಚ್ಚಿ, ತಾಮ್ರ ಕಾಣುತ್ತಿತ್ತು.

ಹೊರಗೆ, ಊಟಕ್ಕೆ ಬಂದಿದ್ದ ಮಗನ ಧ್ವನಿ: "ಮನೀದೊಂದು ಆಗವಲ್ದು ನಿನಗ, ಕಾಲೇಜಿನ್ಯಾಗ ನಿನ್ನ ಹೆಸರು ಹ್ಯಾಂಗ್ ಹೇಳ್ಲಿ?"

ಕೋಲು ಹಿಡಿದು ನಿಂತೆ. ಹೊರಗೆ ಹೋಗಲಿಲ್ಲ. ಮೆಕ್ಯಾನಿಕ್ ಚೀಲ ಕಟ್ಟಿಕೊಂಡು ಹೋದ ಮೇಲೆ ಸ್ಟೂಲು ಹತ್ತಿ, ನಾನೇ ವೈರು ಹೊಸೆದು ಚಿಂದಿ ಸುತ್ತಿದೆ. ಬಿದಿರಿಗೆ ಹೊಸ ಹಗ್ಗ ಕಟ್ಟಿಸಿದೆ. ಮರುದಿನ ಬಂದ ಬೇರೆಯವನು ಪೆಂಗ್ವಿನ್ ತೆಗೆದು ಮತ್ತೊಂದನ್ನು ಹಾಕಿದ, ಇಂಟರ್ನೆಟ್ ಕಡಿಯದೆ ನಡೆಯಿತು. ಕಾಲೇಜಿನ ಕೆಲಸ ಆ ಹೊಸಬನಿಗೆ ಹೋಯಿತು.

"ನೋಡಿದೇನವ್ವಾ, ಎಲ್ಲಾ ಆ ಲಿನಕ್ಸಿಂದು," ಎಂದ ಮಗ.

"ಹೂಂ" ಎಂದೆ.

ಮುಂದಿನ ವರ್ಷ ಒಂದು ಮದುವೆಗೆಂದು ಕಮಲಾಪುರಕ್ಕೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರ ಆ ಪೆಂಗ್ವಿನ್ ಮೆಕ್ಯಾನಿಕ್ ರೇಡಿಯೋ ರಿಪೇರಿ ಮಾಡುತ್ತ ಕೂತಿದ್ದ. ಎದ್ದು ಸ್ಟೂಲು ಒರೆಸಿ ಕೊಟ್ಟ. ನಾನು ಕೂಡಲಿಲ್ಲ. ನಿಂತೇ ಹೇಳಿಬಿಟ್ಟೆ: "ಅವತ್ತು ವೈರ್ ಕೆಡಿಸಿದ್ದು ನನ್ನ ಸೀರಿ."

"ಗೊತ್ತದರೀ ಅಮ್ಮಾರ. ಮೂರನೇ ದಿನ ಬಾಗಿಲಿಂದ ಕಾಣಸ್ತು."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

"ತಾಯಿ ಸೀರಿ ಮಾತು ಮಗನ ಮುಂದ ನಾ ಹ್ಯಾಂಗ್ ತಗೀಲ್ರೀ? ಒಳಗ ಹಣಿಕಿ ಹಾಕಿದಿ ಅಂತ ನೀವೇ ಅಂತಿದ್ರಿ."

ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

ಅಂದು ಸಂಜೆ ಮಗನಿಗೆ ಎಲ್ಲ ಹೇಳಿದೆ. "ಈಗ್ಯಾಕವ್ವಾ ಅದು? ಆಗಿಹೋತು," ಎಂದು ಅವನು ಪೇಪರಿನ ಹಾಳೆ ತಿರುವಿದ. ಹಾಗೆಂದದ್ದಕ್ಕೆ ನನಗೆ ಹಗುರವಾಯಿತು. ನೀರು ಕೊಡದಿದ್ದದ್ದು, ಹೂಂ ಎಂದದ್ದು ಒಂದು ಕಡೆ ಇರಲಿ. ಆ ಸಂಜೆ ಹಗುರಾದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆ.