ಶನಿವಾರದ ಕ್ಲಾಸಿಗೆ ತಲೆ ಕೂಡಿಸಿದ್ದು

ನಾನು ಶಾಲೆ ಕಂಡದ್ದು ಎರಡನೇ ಕ್ಲಾಸಿನವರೆಗೆ. ಅಂಥವಳು ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಮನೆ ಮನೆ ತಿರುಗಿ ಶಾಲೆಗೆ ಮಕ್ಕಳನ್ನು ಸೇರಿಸಿದೆ ಎಂದರೆ ಊರಿನವರು ನಗುತ್ತಾರೆ. ನಗಲಿ.

ಆಗ ತೊಂಬತ್ತರ ದಶಕ. ಇಲ್ಲಿನ ಸರಕಾರಿ ಶಾಲೆಯಲ್ಲಿ ಶನಿವಾರ ಬೆಳಿಗ್ಗೆ ಅವರವರ ಮನೆಭಾಷೆ ಕಲಿಸಲು ಕೋಣೆ ಕೊಡುತ್ತಿದ್ದರು. ಕನ್ನಡಕ್ಕೆ ನನ್ನ ಸೊಸೆ ಶಶಿಯೇ ಟೀಚರು. ವಾರವೆಲ್ಲ ವೇರ್‌ಹೌಸಿನಲ್ಲಿ ಡಬ್ಬ ಕಟ್ಟುವವಳು ಶನಿವಾರ ಸೀರೆ ಉಟ್ಟು, ಕಾರ್ಕಳದಲ್ಲಿದ್ದಂತೆ ಮತ್ತೆ ಟೀಚರಾಗುತ್ತಿದ್ದಳು. ಒಂದು ವರ್ಷ ಶಾಲೆಯವರು, ಮಕ್ಕಳು ಸಾಲದು, ಕ್ರಿಸ್‌ಮಸ್ಸಿನೊಳಗೆ ತುಂಬದಿದ್ದರೆ ಮುಚ್ಚುತ್ತೇವೆ ಎಂದರು. ಶಶಿ ಊಟ ಬಿಟ್ಟಳು. ನನಗೆ ಕರುಣೆ ಬಂತು ಎಂದುಕೊಳ್ಳಬೇಡಿ. ಅವಳು ಶನಿವಾರವೂ ಮನೆಯಲ್ಲಿದ್ದರೆ ನಾನು ಮಾಡಿದ ಸಾರಿಗೆ ಹೆಸರಿಡುತ್ತಾಳೆ, ಅದಕ್ಕೆ ಹೊರಟೆ.

ಮೊದಲು ಬೆಂಗಳೂರಿನ ಇಂಜಿನಿಯರುಗಳ ಮನೆ. ಅಪ್ಪಟ ಕನ್ನಡದವರು, ಒಳ್ಳೇ ಕಾಫಿ ಕೊಟ್ಟರು. “ಕ್ಲಾಸ್ ನಿಲ್ಲಬಾರ್ದು ಆಂಟಿ, ನಮ್ಮ ಕಲ್ಚರ್ ಅಲ್ವಾ! ಆದ್ರೆ ಸ್ಯಾಟರ್‌ಡೇ ಇವನಿಗೆ ಸ್ವಿಮ್ಮಿಂಗ್ ಇದೆ” ಎಂದಳು ಒಬ್ಬಳು. ಇನ್ನೊಂದು ಮನೆಯಲ್ಲಿ ಐಸಿನ ಮೇಲೆ ಜಾರುವ ಕ್ಲಾಸು. ಕನ್ನಡದ ಪ್ರೀತಿ ಎಲ್ಲರಲ್ಲೂ ಇತ್ತು, ಶನಿವಾರ ಮಾತ್ರ ಯಾರಲ್ಲೂ ಇರಲಿಲ್ಲ.

ನಮ್ಮದು ತುಳು ಮನೆ. ತುಳುವಿನವರನ್ನು ನೆಂಟಸ್ತಿಕೆ ಹಿಡಿದು ಬೈದೆ, ಮಕ್ಕಳು ಬಂದವು. ಕೊಂಕಣಿಯವರ ಮಕ್ಕಳು ನಾನು ಕರಿದ ಗೋಳಿಬಜೆಯ ಆಸೆಗೆ ಬಂದವು. ಆದರೂ ಸಾಲಲಿಲ್ಲ. ಕೊನೆಗೆ ಪಕ್ಕದ ಮನೆಯ ಪಂಜಾಬಿ ಅಜ್ಜಿಗೆ ಬೇಲಿಯಾಚೆಯಿಂದ ಹರಕು ಹಿಂದಿಯಲ್ಲಿ ಹೇಳಿದೆ. ಆಕೆ ಕೇಳಿದ್ದು, ಬೆಳಿಗ್ಗೆ ಪೂರ್ತಿ ಮಕ್ಕಳು ಅಲ್ಲೇ ಇರುತ್ತವೆಯೇ ಎಂದಷ್ಟೇ. ಹೌದೆಂದೆ. ಮೊಮ್ಮಕ್ಕಳನ್ನೆಲ್ಲ ಅಟ್ಟಿಬಿಟ್ಟಳು.

ಶಶಿ ಹೌಹಾರಿದಳು. “ಅತ್ತೆ, ಅವಕ್ಕೆ ಕನ್ನಡ ಎಂತಕ್ಕೆ?”

“ನಿನಗೆ ತಲೆ ಬೇಕೋ ಜಾತಕ ಬೇಕೋ ಮಾರಾಯ್ತಿ?”

ಡಿಸೆಂಬರಿನಲ್ಲಿ ಶಾಲೆಯ ಮೇಡಂ ಬಂದು ತಲೆ ಎಣಿಸಿದಳು. ಸಾಲುತ್ತಿತ್ತು. ಅಷ್ಟಕ್ಕೇ ಹೋಗಬಾರದೇ? ಮನೆಯಲ್ಲಿ ಕನ್ನಡ ಮಾತಾಡುವವರು ಕೈ ಎತ್ತಿ ಎಂದಳು. ತುಳುವಿನವು ನೆಲ ನೋಡಿದವು, ಕೊಂಕಣಿಯವು ತಲೆ ಎತ್ತಿ ಮಾಡು ನೋಡಿದವು. ಆಗ ಎದ್ದದ್ದು ಒಂದೇ ಕೈ, ಪಂಜಾಬಿ ಅಜ್ಜಿಯ ಮೊಮ್ಮಗಳು ಸಿಮ್ರನ್‌ಳದ್ದು. ತಾನು ಮನೆಯಲ್ಲಿ ದಿನಾ ಕನ್ನಡ ಆಡುತ್ತೇನೆ, ಅಜ್ಜಿಗೆ ತಿಳಿಯದ ಹಾಗೆ ಬೈಯಲು ಅದೇ ಅನುಕೂಲ ಎಂದಳು ಇಂಗ್ಲಿಷಿನಲ್ಲಿ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಲಾಸು ಉಳಿಯಿತು.

ಮರುವರ್ಷ ಆ ಸ್ವಿಮ್ಮಿಂಗಿನವಳ ಫೋನು. “ಆಂಟಿ, ಸೀಟ್ ಇದ್ಯಾ? ಇವನಿಗೆ ಕನ್ನಡ ಒಂದಕ್ಷರ ಬರಲ್ಲ.”

“ಕಳಿಸು. ಸಿಮ್ರನ್ ಪಕ್ಕ ಕೂರಿಸ್ತೇವೆ, ಅವಳು ಕಲಿಸ್ತಾಳೆ.”

ಮೊದಲು ಬೈಗಳು, ಆಮೇಲೆ ಅಕ್ಷರ. ನಾನು ಕನ್ನಡ ಕಲಿತದ್ದೂ ಹಾಗೆಯೇ.