ಎರಡು ಸಲ ತಟ್ಟುವ ಬೆರಳು

ಅವನ ಅಪ್ಪ ಬಸ್ ಡ್ರೈವರ್. ಆ ಬಸ್ಸು ಎಷ್ಟು ಹಳೆಯದೆಂದರೆ, ಚಕ್ರ ಇನ್ನೂ ಹುಟ್ಟುವ ಮೊದಲೇ ಅದನ್ನು ಕಟ್ಟಿ ನಿಲ್ಲಿಸಿದ್ದರು, ಚಕ್ರ ಬಂದ ಮೇಲೆ ಕೂಡಿಸಿದರು ಅಷ್ಟೇ ಎಂದು ಡಿಪೋದವರೇ ಹೇಳುತ್ತಿದ್ದರು. ಡೀಸೆಲ್ ತೋರಿಸುವ ಮುಳ್ಳು ಸದಾ ಅರ್ಧಕ್ಕೆ ಅಂಟಿಕೊಂಡಿರುತ್ತಿತ್ತು. ಅಪ್ಪ ಬೆರಳ ಗೆಣ್ಣಿನಿಂದ ಗಾಜಿಗೆ ಟಕ್ ಟಕ್ ಎಂದು ಎರಡು ಸಲ ತಟ್ಟಿದರೆ ಮುಳ್ಳು ನಾಚಿಕೊಂಡು ನಿಜ ಹೇಳುತ್ತಿತ್ತು. ರಜೆಯಲ್ಲಿ ಎಂಜಿನ್ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದ ಮಗ ಕಲಿತ ಮೊದಲ ವಿದ್ಯೆ ಇದು. ಅಕ್ಷರ ಆಮೇಲೆ ಬಂತು.

ದೊಡ್ಡವನಾಗಿ ವಾಯುಪಡೆ ಸೇರಿದ, ಯುದ್ಧವಿಮಾನ ಹಾರಿಸಿದ. ಬೆರಳು ಮಾತ್ರ ಡ್ರೈವರನ ಬೆರಳಾಗಿಯೇ ಉಳಿಯಿತು. ವಿಮಾನ ಹತ್ತಿದ ಕೂಡಲೇ ಎದುರಿನ ಮೀಟರುಗಳನ್ನೆಲ್ಲ ತಟ್ಟಿ ಮಾತಾಡಿಸುತ್ತಿದ್ದ. ಮೆಕ್ಯಾನಿಕ್ಕುಗಳು ಅವನಿಗೆ ಟಕ್‌ಟಕ್ ಎಂದೇ ಹೆಸರಿಟ್ಟರು, ನಗಾಡಿದರು. ಒಂದು ದಿನ ಬೆಟ್ಟಸಾಲಿನ ಮೇಲೆ ಹಾರುವಾಗ ಇಂಧನದ ಮುಳ್ಳು ಬೇಕಾದಷ್ಟಿದೆ ಎಂದು ತೋರಿಸುತ್ತಿತ್ತು. ಇವನು ತಟ್ಟಿದ. ಮುಳ್ಳು ಬಾವಿಗೆ ಬಿದ್ದ ಕೊಡದ ಹಾಗೆ ತಳಕ್ಕೆ ಹೋಯಿತು. ತಕ್ಷಣ ತಿರುಗಿಸಿಕೊಂಡು ಬಂದು ಇಳಿಸಿದ. ರನ್‌ವೇ ಮಧ್ಯದಲ್ಲೇ ಎಂಜಿನ್ ಉಸಿರು ಬಿಟ್ಟಿತು. ಟ್ಯಾಂಕಿನಲ್ಲಿ ಉಳಿದದ್ದರಲ್ಲಿ ಒಂದು ಸೊಳ್ಳೆ ಮುಖ ತೊಳೆದುಕೊಳ್ಳಬಹುದಿತ್ತು, ಸ್ನಾನಕ್ಕೆ ಸಾಲದು. ಅಂದಿನಿಂದ ನಗಾಡಿದವರೂ ತಟ್ಟತೊಡಗಿದರು.

ಅಂತರಿಕ್ಷಕ್ಕೆ ಜನ ಬೇಕೆಂದು ಕರೆ ಬಂದಾಗ ಅವನೂ ಹೋದ. ಅಲ್ಲಿಯ ಡಾಕ್ಟರುಗಳು ಅವನನ್ನು ರಾಟೆಗೆ ಕಟ್ಟಿದ ಹಾಗೆ ಗಿರಗಿರ ತಿರುಗಿಸಿದರು, ಕುಲುಕಿದರು, ಚಳಿಯಲ್ಲಿಟ್ಟರು, ಮೈಯಲ್ಲಿದ್ದ ರಕ್ತವನ್ನೆಲ್ಲ ತೆಗೆದು ನೋಡಿ ವಾಪಸು ತುಂಬಿದರೋ ಎಂಬಷ್ಟು ಪರೀಕ್ಷೆ ಮಾಡಿದರು. ಪಾಸಾದ. ಇಬ್ಬರು ಕೂರುವ ನೌಕೆಯಲ್ಲಿ ಎರಡನೆಯ ಸೀಟು ಅವನಿಗೆ. ಮೊದಲನೆಯದು ಕಮಾಂಡರ್ ಮೇಡಂಗೆ. ಇವನಿಗೇನಾದರೂ ಹೆಚ್ಚುಕಮ್ಮಿಯಾದರೆ ಇರಲಿ ಎಂದು ಒಬ್ಬ ಬದಲಿಯನ್ನೂ ಇಟ್ಟಿದ್ದರು. ಅವನೂ ಹಳೆಯ ಪೈಲಟ್ಟೇ, ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಆ ಮೀಸೆಯ ತುದಿ ಬಾಗಿಲಲ್ಲಿ ಕಂಡು ಸ್ವಲ್ಪ ಹೊತ್ತಾದ ಮೇಲೆ ಆಸಾಮಿ ಒಳಗೆ ಬರುತ್ತಿದ್ದ.

ತೊಂದರೆ ಶುರುವಾದದ್ದು ಅಣಕು ನೌಕೆಯಲ್ಲಿ. ದೊಡ್ಡ ಶೆಡ್ಡಿನೊಳಗೆ, ನಿಜವಾದ ನೌಕೆಯ ಪಡಿಯಚ್ಚಿನಂತೆ ಮಾಡಿ ನಿಲ್ಲಿಸಿದ ಡಬ್ಬ ಅದು. ಅದರಲ್ಲಿ ಮುಳ್ಳೇ ಇಲ್ಲ, ಎಲ್ಲ ಪರದೆ. ಪರದೆಯ ಮೇಲಿನ ಅಂಕಿಯನ್ನು ಒಂದು ಸಲ ತಟ್ಟಿದರೆ ‘ಕೊಳವೆ ಮುಚ್ಚಲೇ?’ ಎಂದು ಕೇಳುತ್ತದೆ. ಎರಡನೆಯ ಸಲ ತಟ್ಟಿದರೆ ‘ಆಗಲಿ’ ಎಂದು ಮುಚ್ಚಿಬಿಡುತ್ತದೆ. ಟಕ್‌ಟಕ್ ಹೋಗಿ ಆಮ್ಲಜನಕದ ಅಂಕಿಯನ್ನು ಅಭ್ಯಾಸಬಲದಿಂದ ತಟ್ಟಿದ. ಎರಡು ಸಲ. ಕೊಳವೆ ಮುಚ್ಚಿತು, ಕೆಂಪು ದೀಪ ಹತ್ತಿತು, ಲೆಕ್ಕದ ಪ್ರಕಾರ ಇಬ್ಬರೂ ಸತ್ತರು. ಮರುದಿನ ಮತ್ತೆ ಸತ್ತರು. ಆ ವಾರವೆಲ್ಲ ಕಮಾಂಡರ್ ಮೇಡಂ ಸತ್ತೂ ಸತ್ತೂ ಸುಸ್ತಾದಳು. ಇವನು ಕೈಗವಸಿನೊಳಗೆ ಮುಷ್ಟಿ ಕಟ್ಟಿ ಕೂತ. ಮುಷ್ಟಿಯೇ ಹೋಗಿ ತಟ್ಟಿತು.

ತರಬೇತಿಯ ಮುಖ್ಯಸ್ಥೆ ಮಾತು ಕಡಿಮೆಯ ಹೆಂಗಸು. ಕೋಣೆಗೆ ಕರೆದು, ಮುಂದಿನ ವಾರ ಕೊನೆಯ ಪರೀಕ್ಷೆ, ಅದರಲ್ಲೂ ಬೆರಳು ಪರದೆಗೆ ಹೋದರೆ ಸೀಟು ಮೀಸೆಗೆ ಎಂದು ಹೇಳಿ ಕಳಿಸಿದರು. ಮೀಸೆ ಕೆಟ್ಟವನಲ್ಲ. ಆದರೂ ಸೂಟ್‌ಕೇಸು ತಂದು ಬಾಗಿಲ ಪಕ್ಕದಲ್ಲಿಟ್ಟುಕೊಂಡಿದ್ದ.

ಟಕ್‌ಟಕ್ ಮನೆಗೆ ಬಂದು ಅಡುಗೆಮನೆಯ ತಕ್ಕಡಿಯನ್ನು ತಟ್ಟಿದ, ಗೋಡೆ ಗಡಿಯಾರ ತಟ್ಟಿದ, ಗ್ಯಾಸ್ ಸಿಲಿಂಡರನ್ನೂ ತಟ್ಟಿ ನೋಡಿದ. ಅವನ ಹೆಂಡತಿಗೆ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಸೂಜಿ ಕಂಡರೆ ಮಂಚ ಸಮೇತ ಓಡುವ ಮಕ್ಕಳನ್ನು ಹಿಡಿದು ಪಳಗಿದವಳು.

“ಬೇಡ ಬೇಡ ಅಂತ ಹೇಳಿದಷ್ಟೂ ಕೈ ಅಲ್ಲಿಗೇ ಹೋಗತ್ತೆ ರೀ,” ಎಂದಳು. “ಮಕ್ಕಳಿಗೆ ನಾವು ಬೇಡ ಅನ್ನಲ್ಲ. ಹಿಡ್ಕೊಳ್ಳೋಕೆ ಬೇರೆ ಏನಾದ್ರೂ ಕೊಡ್ತೀವಿ. ನೀವು ತಟ್ಟೋದನ್ನ ಬಿಡಬೇಡಿ. ಜಾಗ ಬದಲಾಯಿಸಿ.”

“ಎಲ್ಲಿ ತಟ್ಟಲಿ?”

“ತೊಡೆ ಇದೆಯಲ್ಲ. ನಿಮ್ಮದೇ. ಯಾರನ್ನೂ ಕೇಳಬೇಕಾಗಿಲ್ಲ.”

ವಾರವಿಡೀ ಅವಳು ಮನೆಯಲ್ಲಿ ಕಾವಲು ಕೂತಳು. ಅವನ ಕೈ ಗಡಿಯಾರದ ಕಡೆ ಏಳುತ್ತಿದ್ದ ಹಾಗೆ ‘ಹ್ಞೂಂ’ ಎನ್ನುವಳು, ಕೈ ತೊಡೆಗೆ ಇಳಿಯುವುದು. ತರಬೇತಿಯಲ್ಲಿ ಇವನು ಟಪ್ ಟಪ್ ಎನ್ನಿಸುವುದನ್ನು ಕಂಡು ಮೀಸೆ ಕೇಳಿದ:

“ಯಾರ ಮೇಲಪ್ಪಾ ತೊಡೆ ತಟ್ತಾ ಇದೀಯ? ನನ್ನ ಮೇಲಾ?”

“ನನ್ನ ಕೈ ಮೇಲೇ ಕಣೋ,” ಎಂದ ಇವನು.

ಕೊನೆಯ ಪರೀಕ್ಷೆಯಲ್ಲಿ ಮುಖ್ಯಸ್ಥೆ ಬೇಕೆಂದೇ ಆಮ್ಲಜನಕದ ಅಂಕಿಯನ್ನು ಅಲುಗಾಡದಂತೆ ನಿಲ್ಲಿಸಿಟ್ಟರು. ಅವನ ಕೈ ಎದ್ದಿತು. ಮೇಡಂ ಉಸಿರು ಹಿಡಿದಳು, ಮತ್ತೆ ಸಾಯುವುದಕ್ಕೆ ತಯಾರಾಗಿಯೇ ಕೂತಿದ್ದಳು. ಕೈ ದಾರಿಯಲ್ಲಿ ಒಂದು ಕ್ಷಣ ಯೋಚಿಸಿ ತೊಡೆಯ ಮೇಲೆ ಬಿತ್ತು. ಟಪ್ ಟಪ್. ಮೀಸೆ ಸೂಟ್‌ಕೇಸನ್ನು ಮನೆಗೆ ಒಯ್ದ.

ಹಾರಾಟ ಚೆನ್ನಾಗಿಯೇ ಆಯಿತು. ಮೇಲೆ ಹೋಗಿ ಕೊಟ್ಟ ಕೆಲಸ ಮುಗಿಸಿ ಹೊರಟರು. ವಾಪಸು ಬರುವಾಗ ನೌಕೆ ಗಾಳಿಗೆ ನುಗ್ಗುತ್ತಿದ್ದಂತೆ ಮೈಯೆಲ್ಲ ಸಿಮೆಂಟಿನ ಮೂಟೆಯಷ್ಟು ಭಾರವಾಯಿತು. ಅದೇ ಹೊತ್ತಿಗೆ ಒಳಗಿನ ಒತ್ತಡದ ಅಂಕಿ ಅಲುಗಾಡದೆ ನಿಂತಿದ್ದು ಕಣ್ಣಿಗೆ ಬಿತ್ತು. ಅಪ್ಪನ ಬಸ್ಸು, ಬೆಟ್ಟಸಾಲು ಎರಡೂ ನೆನಪಾದವು. ಆ ಭಾರದಲ್ಲೂ ಕೈ ಒಂದು ಗೇಣು ಎದ್ದಿತು.

“ಒತ್ತಡ ಅಲುಗಾಡ್ತಾ ಇಲ್ಲ ಮೇಡಂ,” ಎಂದ.

ಅವಳು ತನ್ನ ಪರದೆ ನೋಡಿದಳು, ಕೆಳಗಿನವರನ್ನೂ ಕೇಳಿದಳು. “ಸರಿಯಾಗಿದೆ. ಸರಿ ಇರೋದ್ರಿಂದ್ಲೇ ಅಲುಗಾಡ್ತಾ ಇಲ್ಲ. ಕೈ ಕೆಳಗಿಡಿ.”

ಕೆಳಗಿಟ್ಟ. ಇಟ್ಟ ಅನ್ನುವುದಕ್ಕಿಂತ ತೊಡೆಯ ಮೇಲೆ ಬಿತ್ತು ಅನ್ನಬೇಕು, ಎರಡು ಸಲ. ನೌಕೆ ಸಮುದ್ರದಲ್ಲಿ ಇಳಿಯಿತು.

ಇಳಿದ ಮೇಲೆ ಡಾಕ್ಟರುಗಳು ಅವನನ್ನು ತಲೆಯಿಂದ ಕಾಲಿನವರೆಗೆ ತಡಕಾಡಿದರು. ಹೃದಯ, ಎಲುಬು, ಕಣ್ಣು ಎಲ್ಲ ಗಟ್ಟಿ. ಬಲತೊಡೆಯ ಮೇಲೆ ಮಾತ್ರ ಅಂಗೈಯಗಲ ನೀಲಿ ಗುರುತು. ಇದೇನು, ಅಂತರಿಕ್ಷದ ಕಿರಣಗಳಿಂದಾಯಿತೇ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಸಭೆ ಸೇರಿ ಚರ್ಚಿಸಿದರು. ಇವನು ಹೇಳಿಬಿಡುತ್ತಿದ್ದ, ಕೇಳುವವರಿರಲಿಲ್ಲ. ಕೊನೆಗೆ ನೋಡಲು ಬಂದ ಹೆಂಡತಿ ಗುರುತಿಗೆ ಮುಲಾಮು ಹಚ್ಚುತ್ತ, ಇದು ಮನೆಯಲ್ಲೇ ಹಿಡಿದ ಕಾಯಿಲೆ ಎಂದು ಅವರಿಗೆ ತಿಳಿಸಿದಳು.

ಅಪ್ಪ ಕೇಳಿದ ಮೊದಲ ಮಾತೇ ಇದು. “ಮುಳ್ಳು ನಿಜ ಹೇಳ್ತಾ ಇತ್ತೇನೋ?”

“ಅಲ್ಲಿ ಮುಳ್ಳೇ ಇಲ್ಲಪ್ಪ. ಬರೀ ಅಂಕಿ.”

“ಮತ್ತೆ ನಂಬೋದು ಹೇಗೆ?”

“ಪಕ್ಕದವರನ್ನ ಕೇಳೋದು,” ಎಂದ ಮಗ.

ಅಪ್ಪನಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಇವನು ಈಗ ಹೊಸಬರಿಗೆ ಪಾಠ ಹೇಳುತ್ತಾನೆ. ಬರುವವರಲ್ಲಿ ಮುಕ್ಕಾಲು ಪಾಲು ಹಳೆಯ ಪೈಲಟ್ಟುಗಳೇ. ಅಣಕು ನೌಕೆಯ ಶೆಡ್ಡಿನ ಪಕ್ಕದಲ್ಲಿ ನಡೆದುಹೋಗುವವರಿಗೆ ಒಳಗೆ ಕುಸ್ತಿ ನಡೆಯುತ್ತಿದೆ ಅನ್ನಿಸುತ್ತದೆ.