ಮಾವನ ಕತ್ತಲೆ ಅಭ್ಯಾಸ

ನನ್ನ ಮಾವ ಸಿದ್ದಯ್ಯನವರು ಮೂವತ್ತೊಂದು ವರ್ಷ ಸೊಸೈಟಿಯಲ್ಲಿ ತೂಕದ ಗುಮಾಸ್ತರಾಗಿದ್ದವರು. ನಿವೃತ್ತರಾಗಿ ಕವಲಂದೆಯ ಮನೆಯಲ್ಲಿ ಕೂತ ಮೇಲೆ ತೂಗಲು ಏನೂ ಉಳಿಯದೆ ಕರೆಂಟಿನ ಬೆನ್ನು ಹತ್ತಿದರು. 2003ರ ಬೇಸಿಗೆ ಅದು. ದಿನಾ ಸಂಜೆ ಆರೂವರೆಯಿಂದ ಎಂಟೂವರೆ ತನಕ ಊರಿಗೆಲ್ಲ ಕತ್ತಲೆ.

ಬೇರೆ ಮನೆಯವರು ಮೇಣದಬತ್ತಿ ತಂದಿಟ್ಟುಕೊಂಡರು. ಮಾವನಿಗೆ ಅದು ಸೋಮಾರಿಗಳ ದಾರಿ. “ಮೇಣದಬತ್ತಿ ಹುಡುಕಕ್ಕೇ ಬೆಳಕು ಬೇಕಲ್ವೇನವ್ವ? ಮೊದ್ಲು ಕಾಲಿಗೆ ದಾರಿ ಗೊತ್ತಿರ್ಬೇಕು” ಎಂದು ಟೇಪು ಹಿಡಿದು ಮನೆಯನ್ನೇ ಅಳೆದರು. ಹಜಾರದಿಂದ ಒಲೆಗೆ ಹನ್ನೊಂದು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ಒಂಬತ್ತು. ಬೆಂಕಿಪೊಟ್ಟಣ ಗೂಡಿನ ಎಡಮೂಲೆಯಲ್ಲೇ ಇರಬೇಕು. ಅದನ್ನು ಅಲುಗಿಸಿದವರೊಂದಿಗೆ ಆ ದಿನವೆಲ್ಲ ಮಾತಿಲ್ಲ. ಒಂದೂವರೆ ವರ್ಷದ ನನ್ನ ಮಗಳು ಚೈತ್ರಳನ್ನು ಯಾರೂ ತುಳಿಯಬಾರದೆಂದು ಹಸುವಿನ ಗಂಟೆಯನ್ನೇ ಅವಳ ಕೊರಳಿಗೆ ಕಟ್ಟಿದರು. ನಾನು ಅದನ್ನು ಬಿಚ್ಚಿ ಕಾಲಿಗೆ ಗೆಜ್ಜೆ ಹಾಕಿದೆ. ಒಂದು ವಾರ ಅವರು ಗೆಜ್ಜೆಯ ದನಿಯನ್ನು ಪರೀಕ್ಷಿಸಿ, ಕೊನೆಗೆ ಒಪ್ಪಿದರು.

ಭಾನುವಾರ ಮಧ್ಯಾಹ್ನ ಒಂದಕ್ಕೆ ಅಭ್ಯಾಸ. ಎಲ್ಲರೂ ಟವೆಲಿನಿಂದ ಕಣ್ಣು ಕಟ್ಟಿಕೊಂಡು ಬಡಿಸಬೇಕು, ಉಣ್ಣಬೇಕು. ಭಾನುವಾರವೂ ಪಾಳಿ ಇರುವ ನನ್ನ ಗಂಡ ಪುಣ್ಯವಂತರು. ನಗು ಬಂದರೂ ಒಂದು ಮಾತು ಹೇಳಲೇಬೇಕು: ಆ ಬೇಸಿಗೆಯಲ್ಲಿ ಕತ್ತಲೆಯಲ್ಲಿ ಎದ್ದು ಮಗುವಿಗೆ ಹಾಲು ಕಾಯಿಸಲು ನನಗೆ ಒಂದು ದಿನವೂ ಕಷ್ಟವಾಗಲಿಲ್ಲ.

ಮಾವನ ಮಗಳು, ನನ್ನ ನಾದಿನಿ ನಂದಿತಾಗೆ ಟಿ. ನರಸೀಪುರದಿಂದ ಸಂಬಂಧ ಬಂದಿತ್ತು. ಹುಡುಗ ರುದ್ರೇಶ್ ಹೈಸ್ಕೂಲ್ ಮೇಷ್ಟ್ರು. ನಂಜನಗೂಡಿನ ಒಂದು ಮದುವೆಯಲ್ಲಿ ಇಬ್ಬರೂ ನಾಲ್ಕು ಮಾತಾಡಿದ್ದರು. ಅಂದಿನಿಂದ ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಹಿಂದೆ ಮೂರು ಸಂಬಂಧ ತಪ್ಪಿದಾಗ ಅವಳು ಅತ್ತಿರಲಿಲ್ಲ. “ಇದೊಂದು ತಪ್ಪಿದ್ರೆ ತಡ್ಕೊಳಲ್ಲ ಅತ್ತಿಗೆ” ಅಂದಿದ್ದಳು.

ಹೆಣ್ಣು ನೋಡಲು ಭಾನುವಾರ ನಾಲ್ಕಕ್ಕೆ ಬರುತ್ತೇವೆ ಅಂದಿದ್ದರು. ಆಮೇಲೆ ಯಾರೋ ರಾಹುಕಾಲದ ನೆನಪು ಮಾಡಿಕೊಟ್ಟರಂತೆ. ಒಂದೂಕಾಲಿಗೇ ಬಂದರು. ತೆರೆದ ಬಾಗಿಲಲ್ಲಿ ನಿಂತ ಹುಡುಗ, ಅವನ ತಾಯಿ ಮಂಗಳಗೌರಿ, ಸೋದರಮಾವ ಬಸವಯ್ಯ ಕಂಡದ್ದು ಇಷ್ಟು: ಮಟಮಟ ಮಧ್ಯಾಹ್ನ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನಾಲ್ವರು. ಒಬ್ಬಳು ಹೆಜ್ಜೆ ಎಣಿಸುತ್ತ ಅನ್ನ ತರುತ್ತಿದ್ದಾಳೆ. ಗೆಜ್ಜೆಯ ಮಗು ಒಂದೇ ಕಣ್ಣು ಬಿಟ್ಟುಕೊಂಡು ಹಪ್ಪಳ ತಿನ್ನುತ್ತಿದೆ.

ಮಾವ ಗಡಿಬಿಡಿಯಿಂದ ಟವೆಲು ತೆಗೆದು ಎಲ್ಲ ವಿವರಿಸಿದರು. ಬಸವಯ್ಯ ನಂಬಲಿಲ್ಲ.

“ಕಣ್ಣು ಕಾಣೋರು ಯಾರಾದ್ರೂ ಕುರುಡು ಕಲೀತಾರಾ ಸ್ವಾಮಿ? ನಿಮ್ಮ ವಂಸದಲ್ಲಿ ಇರುಳುಗುರುಡು ಐತೆ ಅಂತ ನೇರ ಏಳಿ.”

ನಂದಿತಾ ಸೂಜಿಗೆ ದಾರ ಪೋಣಿಸಿ ತೋರಿಸಿದಳು.

“ಅಗಲೊತ್ತು ಎಲ್ರೂ ಪೋಣಿಸ್ತಾರೆ ಕಣವ್ವ. ಇರುಳಲ್ಲಿ ನಡೀಬೇಕು” ಎಂದರು ಬಸವಯ್ಯ.

ಮಾವನ ಮುಖ ಅರಳಿತು. “ಆರೂವರೆಗೆ ಕರೆಂಟ್ ಓಯ್ತದೆ. ಬಂದು ನೋಡಿ.”

ಅವರು ಊರಲ್ಲೇ ಇದ್ದ ನೆಂಟರ ಮನೆಗೆ ಹೋಗಿ, ರಾಹುಕಾಲ ಕಳೆದು ಆರಕ್ಕೆ ಮತ್ತೆ ಬಂದರು. ನನ್ನ ಅತ್ತೆ ಪುಟ್ಟಗೌರಮ್ಮ ದೇವರ ದೀಪ ಹಚ್ಚಿ, ಬಲ್ಬಿನ ಸ್ವಿಚ್ ಒತ್ತಿ ಅದಕ್ಕೂ ಕೈಮುಗಿದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಆರೂವರೆಯಾಯಿತು. ಏಳಾಯಿತು. ಬಲ್ಬು ಉರಿಯುತ್ತಲೇ ಇತ್ತು. ಐವತ್ತು ದಿನದಲ್ಲಿ ಇದೇ ಮೊದಲು.

ಮಾವ ಲೈನ್‌ಮನ್ ಕರಿಯಪ್ಪನ ಮನೆಗೆ ಓಡಿ, ಬೆವರುತ್ತ ಹಿಂತಿರುಗಿದರು. “ಇವತ್ತು ತೆಗೆಯಂಗಿಲ್ಲ, ಮೇಲಿಂದ ಆರ್ಡರ್ ಬಂದೈತೆ ಅಂತಾನೆ. ಕಾಲು ಹಿಡಿಯೋದೊಂದು ಬಾಕಿ.”

ನಾನು ಮೆಲ್ಲಗೆ, “ಮೇನ್ ಸ್ವಿಚ್ ನಾವೇ ತೆಗೆದ್ರೆ ಆಗಲ್ವಾ?” ಅಂದೆ.

ಎರಡೂ ಕಡೆಯ ತಾಯಂದಿರು ಒಟ್ಟಿಗೇ ತಿರುಗಿದರು. “ಮುಸ್ಸಂಜೇಲಿ ಹಚ್ಚಿದ ದೀಪಾನ ಕೈಯಾರೆ ಆರಿಸ್ತಾರಾ? ಅದೂ ಶುಭಕಾರ್ಯಕ್ಕೆ ಕೂತಾಗ?” ಎಂದರು ಅತ್ತೆ.

“ಸರ್ಕಾರದೋರು ತೆಗೆದ್ರೆ ದೋಷ ಇಲ್ಲ” ಎಂದರು ಮಂಗಳಗೌರಿ.

“ಅದು ಅವರ ಪಾಲಿನ ಪಾಪ” ಎಂದರು ಬಸವಯ್ಯ.

ಕತ್ತಲೆಯ ಉಗ್ರಾಣದಲ್ಲಿ ನಡೆಸಿ ನೋಡೋಣವೆಂದರೆ, ಮನೆ ಬೆಳಗೋ ಹೆಣ್ಣನ್ನು ಉಗ್ರಾಣಕ್ಕೆ ಕೂಡುವುದು ಸರಿಯಲ್ಲವೆಂದು ಎಲ್ಲರೂ ಒಪ್ಪಿದರು. ಈ ಮನೆಯಲ್ಲಿ ಎಲ್ಲರೂ ಒಪ್ಪಿದ ಮೊದಲ ಸಂಗತಿ ಅದು. ಹಾಗಾಗಿ ಮಗುವೂ ಸೇರಿ ಎಂಟು ಜನ ಒಂದೇ ಬಲ್ಬನ್ನು ನೋಡುತ್ತ ಕೂತೆವು. ಒಮ್ಮೆ ಅದು ಮಿಣುಕಿತು. ಬಸವಯ್ಯ ಎದ್ದೇ ನಿಂತರು. ಅದು ಮತ್ತೆ ನೆಟ್ಟಗಾಯಿತು. “ಛೆ” ಎಂದು ಕೂತರು. ರುದ್ರೇಶ್ ಮಾತ್ರ ಬಲ್ಬನ್ನು ನೋಡಲಿಲ್ಲ, ನಂದಿತಾಳನ್ನು ನೋಡುತ್ತಿದ್ದ. ಅವಳು ತನ್ನ ಬೆರಳುಗಳನ್ನು.

ಎಂಟಕ್ಕೆ ಕೊನೆಯ ಬಸ್ಸು ಹೋದ ಸದ್ದು ಕೇಳಿತು. ಮಧ್ಯಾಹ್ನ ಅವರಿದ್ದ ನೆಂಟರ ಮನೆಗೂ ಸಂಜೆಯೇ ಬೀಗ ಬಿದ್ದಿತ್ತು. ಒಳಗೆ ಅತ್ತೆ ಅವರೆಕಾಳಿನ ಸಾರಿಗೆ ಒಗ್ಗರಣೆ ಕೊಟ್ಟರು. ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗದೆ ಆ ಮನೆಯಲ್ಲಿ ಊಟ ಮಾಡುವಂತಿಲ್ಲ. ಬಸವಯ್ಯನವರಿಗೆ ಸಕ್ಕರೆ ಕಾಯಿಲೆ, ಎಂಟಕ್ಕೆ ಉಣ್ಣಲೇಬೇಕು. ಎಂಟೂಕಾಲಿಗೆ ಅವರು ಬಲ್ಬು ಬಿಟ್ಟು ಅಡುಗೆಮನೆಯ ಕಡೆ ನೋಡತೊಡಗಿದರು. ಎಂಟೂವರೆಗೆ ಅವರು ತಂಗಿಯ ಕಡೆ ತಿರುಗಿದರು.

“ಮಂಗಳ, ಉಡುಗಿ ಕಣ್ಣು ಚೆನ್ನಾಗೇ ಅವೆ.”

“ಕರೆಂಟೇ ಓಗ್ಲಿಲ್ವಲ್ಲಣ್ಣ.”

“ಕರೆಂಟ್ ಓಗ್ದಿರೋ ಮನೇಲಿ ಕತ್ಲ ಪರೀಕ್ಷೆ ಯಾಕವ್ವ? ಒಪ್ಪಿಗೆ ಅನ್ನು, ಎಲೆ ಆಕ್ಲಿ.”

ಮಂಗಳಗೌರಿ ಮಗನನ್ನು ನೋಡಿದರು. ಅವನು, “ನಾನು ಮಧ್ಯಾಹ್ನವೇ ಒಪ್ಪಿದ್ದೆ, ನೀವು ಕೇಳಲಿಲ್ಲ” ಎಂದ.

ಎಲೆ ಹಾಕಿದೆವು. ಇಷ್ಟು ತಯಾರಿ ಮಾಡಿಯೂ ಕತ್ತಲೆ ಬರಲಿಲ್ಲವೆಂದು ಮಾವ ಬಾಗಿಲ ಬಳಿ ಮುಖ ಊದಿಸಿಕೊಂಡು ನಿಂತಿದ್ದರು. ನಂದಿತಾ ತುಪ್ಪದ ಗಿಂಡಿ ಹಿಡಿದು ಬಂದಳು. ಕಣ್ಣು ತುಂಬಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಬಸವಯ್ಯನವರ ಎಲೆಯಿಂದ ಒಂದು ಗೇಣು ಆಚೆ, ನೆಲಕ್ಕೆ ಗಿಂಡಿ ಬಗ್ಗಿಸಿದಳು.

ಬಸವಯ್ಯ ಎಲೆಯನ್ನೇ ಮೆಲ್ಲಗೆ ಎಳೆದು, ಧಾರೆಯ ಕೆಳಗಿಟ್ಟರು.

“ಇನ್ನೊಂದ್ ಚೂರು ಬಿಡವ್ವ” ಅಂದರು.